ಅಮರೇಶನ ಮೂರನೆಯ ಪ್ರತಿ

ಅಮರೇಶನ ತಲೆಗೆ ಒಂದು ಯೋಚನೆ ಬಂದರೆ ಅವನ ಕೈಗಳು ಅದನ್ನು ಮೂರು ಪ್ರತಿ ಮಾಡುತ್ತಿದ್ದವು. ಇದು ಕಾಯಿಲೆಯಲ್ಲ, ಕಸುಬು. ರಾಜಾಜಿನಗರದ ಒಂದು ಕಚೇರಿಯ ಎದುರು, ಹೊಂಗೆ ಮರದ ಕೆಳಗೆ, ಇಪ್ಪತ್ತೆರಡು ವರ್ಷ ಅರ್ಜಿ, ಅಫಿಡವಿಟ್ಟು, ಕರಾರುಪತ್ರಗಳನ್ನು ಕುಟ್ಟಿದವನು ಅವನು. ಹಾಳೆ, ಕಾರ್ಬನ್, ಹಾಳೆ, ಕಾರ್ಬನ್, ಹಾಳೆ. ಐದನ್ನೂ ರೋಲರಿಗೆ ಕೊಟ್ಟು ಗರ್ರನೆ ತಿರುಗಿಸಿ ಕುಟ್ಟುವುದು. ಮುಗಿದ ಮೇಲೆ ಸಹಿ, ಮೊಹರು, ಕವರು, ಗೋಂದು. ಈ ಕೆಲಸಕ್ಕೆ ಅವನ ತಲೆ ಬೇಕಾಗಿಯೇ ಇರಲಿಲ್ಲ. ಹೆಂಡತಿ ನೀಲಾಂಬಿಕಾ ಹೇಳಿ ಬರೆಸಿದ ದಿನಸಿ ಚೀಟಿ ಕೂಡ ಮೂರು ಪ್ರತಿ ಆಗುತ್ತಿತ್ತು. ಒಂದು ಅಂಗಡಿಗೆ, ಒಂದು ಅಡುಗೆಮನೆಗೆ, ಒಂದು ಕಡತಕ್ಕೆ.

ಕಂಪ್ಯೂಟರು ಬಂದು ಮರದ ಕೆಳಗಿನ ಕಸುಬು ಒಣಗಿದ ಮೇಲೆ ಅಮರೇಶ ಒಂದು ಡಿಟಿಪಿ ಅಂಗಡಿ ಸೇರಿದ. ಟೈಪ್‌ರೈಟರನ್ನು ಮಾತ್ರ ಗುಜರಿಗೆ ಹಾಕದೆ ವಿಜಯನಗರದ ಹೊಸಹಳ್ಳಿಯ ಬಾಡಿಗೆ ಮನೆಗೆ ತಂದು, ಟಿ.ವಿ. ಇಡಬೇಕಾದ ಜಾಗದಲ್ಲಿ ಪ್ರತಿಷ್ಠಾಪಿಸಿದ. ನೀಲಾಂಬಿಕಾ ಅದನ್ನು ‘ಕಬ್ಬಿಣದ ಸವತಿ’ ಎಂದು ಕರೆಯುತ್ತಿದ್ದಳು. ಸವತಿ ಈಗ ಸುಮ್ಮನೆ ಕೂತಿರಲಿಲ್ಲ. ರಾಜಾಜಿನಗರದ ಕಾಫಿ ಅಂಗಡಿಯೊಂದರ ಹುಡುಗ ಹುಡುಗಿಯರಿಗೆ ಇದ್ದಕ್ಕಿದ್ದಂತೆ ಹಳೆಯ ಮಿಷನ್ನಿನ ಮೇಲೆ ಮೋಹ ಹುಟ್ಟಿ, ತಮ್ಮ ಪ್ರೇಮಪತ್ರಗಳನ್ನು ಅದರಲ್ಲೇ ಕುಟ್ಟಿಸಿಕೊಂಡು ಹೋಗುತ್ತಿದ್ದರು.

“ಮೊಬೈಲಲ್ಲಿ ಬರ್ದಿದ್ದು ಬೆರಳ ಉಗುರಿಗೂ ತಿಳಿಯಂಗಿಲ್ಲಪಾ. ಇದ್ರಾಗ ಬರದ್ರ ಭುಜಕ್ಕ ಗೊತ್ತಾಗತೈತಿ. ಸಾಲು ಮುಗದ್ರ ಗಂಟಿ ಹೊಡದು ಸಾಬಾಸ್ ಅಂತೈತಿ,” ಎಂದು ಅಮರೇಶ ಅವರಿಗೆ ತನ್ನ ಸಿಂಧನೂರು ಸೀಮೆಯ ಮಾತಿನಲ್ಲಿ ಉಪದೇಶ ಮಾಡುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ಏಳಕ್ಕೆ ಯಾರದೋ ಪ್ರೇಮದ ಎರಡನೇ ಪ್ಯಾರಾದಲ್ಲಿ ಅವನಿದ್ದಾಗ ಮೊಬೈಲಿಗೆ ಧ್ವನಿ ಸಂದೇಶ ಬಂತು. ಕಳಿಸಿದವರು ಮಹಡಿಯ ಮೇಲಿರುವ ಮನೆ ಮಾಲೀಕರು, ಎಪ್ಪತ್ತನಾಲ್ಕರ ಮುನಿವೆಂಕಟಪ್ಪನವರು. ಅವರ ದನಿಗೆ ಮೊಬೈಲೇ ಬೇಕಿರಲಿಲ್ಲ. ಮೇಲಿಂದ ನೇರವಾಗಿ ಒಂದು ಸಲ, ಮೊಬೈಲಿನಿಂದ ಒಂದು ಸಲ, ಎರಡು ಸಲ ಕೇಳಿಸಿತು.

“ಏನ್ರೀ ಅಮ್ರೇಶು, ಭಾನ್ವಾರಾನೂ ಶುರು ಹಚ್ಕೊಂಡ್ರಾ ಟಕಟಕ? ನನ್ ಮಂಚದ ಕೆಳಗೆ ಮರಕುಟಿಗ ಸಾಕ್ದಂಗಾಯ್ತದೆ. ಇವತ್ತಿಗೆ ಅಗ್ರಿಮೆಂಟ್ ಮುಗೀತು, ನೆನಪೈತಾ? ಒಂದಾ ಆ ಮಿಷನ್ ಹೋಗ್ಬೇಕು, ಇಲ್ಲಾ ನೀವ್ ಹೋಗ್ಬೇಕು. ಯೋಚ್ನೆ ಮಾಡಿ ಹೇಳಿ.”

ಅಮರೇಶನ ಕಿವಿ ಕೆಂಪಾಯಿತು. ಮಿಷನ್ನು ಅವನ ಪ್ರಾಣ. ಮನೆ ಅವನ ಹೆಂಡತಿಯ ಪ್ರಾಣ. ದಿನ ಬಿಟ್ಟು ದಿನ ಕಾವೇರಿ ನೀರು, ಐದು ನಿಮಿಷಕ್ಕೆ ಮೆಟ್ರೋ. ಇದು ಸಿಗುವ ಮೊದಲು ನೀಲಾಂಬಿಕಾ ಲಗ್ಗೆರೆಯವರೆಗೆ ಹನ್ನೊಂದು ಮನೆಗಳ ಬಚ್ಚಲು ನೋಡಿ ಬಂದಿದ್ದಳು. “ಈ ಮನಿ ಹೋದ್ರ ನಾನು ನನ್ನ ತವರಿಗೆ, ನೀವು ನಿಮ್ಮ ಮಿಷನ್ ತವರಿಗೆ,” ಎಂದು ಅವಳು ಆಗಲೇ ಹೇಳಿಯಾಗಿತ್ತು.

ಕೋಪ ಬಂದಾಗ ಮೊಬೈಲು ಮುಟ್ಟಬಾರದೆಂದು ಅವನಿಗೆ ಡಾಕ್ಟರ ಆಜ್ಞೆಯಿತ್ತು. ಹೋದ ದೀಪಾವಳಿಯಲ್ಲಿ ಭಾವಮೈದುನನಿಗೆ ಬೈದದ್ದು ಇಡೀ ಬೀದಿಯ ಗುಂಪಿಗೆ ಹೋಗಿ, ನಲವತ್ತಾರು ಜನ ಅದಕ್ಕೆ ಹೆಬ್ಬೆರಳು ಎತ್ತಿದ್ದರು, ಅವನ ಬಿ.ಪಿ.ಯೂ ಎದ್ದಿತ್ತು. “ಸಿಟ್ಟು ಬಂದ್ರೆ ಪೇಪರ್ ಮೇಲೆ ಬರೀರಿ, ಹರಿದು ಬಿಸಾಕಿ. ಪೇಪರು ಫಾರ್ವರ್ಡ್ ಆಗಲ್ಲ,” ಎಂದಿದ್ದರು ಡಾಕ್ಟರು.

ಅಮರೇಶ ಪ್ರೇಮಪತ್ರವನ್ನು ಈಚೆಗೆಳೆದು ಹೊಸ ಹಾಳೆ, ಕಾರ್ಬನ್ ಜೋಡಿಸಿ ತುರುಕಿದ. ಸಿಟ್ಟು ಎಷ್ಟೇ ಇರಲಿ, ಕೈ ಕಲಿತ ನಮೂನೆ ಬಿಡಲಿಲ್ಲ.

‘ವಿಷಯ: ತಮ್ಮ ಗೂಬೆತನದ ಬಗ್ಗೆ.

ಉಲ್ಲೇಖ: ತಮ್ಮ ಇಂದಿನ ಬೆಳಗಿನ ಧ್ವನಿ ಸಂದೇಶ.

ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ತಮ್ಮ ದನಿಯು ಗ್ರೈಂಡರಿನಲ್ಲಿ ಚಮಚ ಬಿದ್ದಂತೆ ಇರುತ್ತದೆ. ತಮ್ಮ ಮೀಸೆಯು ಬೂಟು ತಿಕ್ಕಿ ನಿವೃತ್ತಿ ಹೊಂದಿದ ಬ್ರಷ್ಷಿನಂತೆ ಇರುತ್ತದೆ. ತಮ್ಮ ಮುತ್ತಾತನವರ ರಾಗಿ ಹೊಲದ ಕಥೆಯನ್ನು ಈಗಾಗಲೇ ನೂರಾ ನಾಲ್ಕು ಬಾರಿ ಕೇಳಿರುವ ಕಾರಣ ಮುದ್ದೆ ಕಂಡರೆ ನನಗೆ ಆಕಳಿಕೆ ಬರುತ್ತಿರುತ್ತದೆ. ಆದ್ದರಿಂದ ತಾವು ದಯಮಾಡಿ ಹಾಳಾಗಿ ಹೋಗಬೇಕೆಂದು ವಿನಂತಿ.’

ಕೆಳಗೆ ‘ತಮ್ಮ ವಿಶ್ವಾಸಿ’. ಅದರ ಕೆಳಗೆ, ‘ಪ್ರತಿ: ಬೀದಿಯ ಮಹಿಳಾ ಸಂಘದ ಅಧ್ಯಕ್ಷರಿಗೆ, ಮಾಹಿತಿಗಾಗಿ.’ ಇಷ್ಟಾದಾಗ ಗಂಟೆ ಟಣ್ ಎಂದಿತು. ಎಂಥ ತೃಪ್ತಿ! ಹಾಳೆಗಳನ್ನು ಎಳೆದ. ಎರಡೂ ಕಾರ್ಬನ್ನುಗಳ ಅಂಚು ಹಿಡಿದು ಒಂದೇ ಎಳೆತಕ್ಕೆ ಜಾಡಿಸಿ ತೆಗೆದ. ಒಂದರ ಮೇಲೊಂದಿದ್ದ ಹಾಳೆಗಳ ಬುಡವನ್ನಷ್ಟೇ ಮೆಟ್ಟಿಲಿನಂತೆ ಸರಿಸಿ ಸರಸರ ಮೂರು ಸಹಿ, ದಡದಡ ಮೂರು ಮೊಹರು. ಮೇಲಿನ ಹಾಳೆಯನ್ನು ಪೇಪರ್‌ವೇಟಿನ ಕೆಳಗಿಟ್ಟು ಓದಿ ಓದಿ ನಗುತ್ತಿರುವಾಗಲೇ ಮುನಿವೆಂಕಟಪ್ಪನವರ ಫೋನು ಬಂತು.

“ಸಾರ್, ನಮಸ್ಕಾರ ಸಾರ್!” ಅಮರೇಶ ಮೊಬೈಲನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಎದ್ದು ನಿಂತ.

“ಮಧ್ಯಾಹ್ನ ನಂದಿನಿ ಲೇಔಟಲ್ಲಿ ಮಗಳ ಮನೇಲಿ ಊಟ ಕಣ್ರೀ. ಮೊಮ್ಮಗಳು ಧನ್ಯಶ್ರೀ ಲಾ ಓದ್ತಾವ್ಳಲ್ಲ, ಅಗ್ರಿಮೆಂಟ್ ಅವಳೇ ಬರೀತಾಳೆ. ನಿಮ್ ತೀರ್ಮಾನ ಹೇಳಿ.”

“ತಾವು ಹೆಂಗ್ ಹೇಳಿದ್ರೆ ಹಂಗೇ ಸಾರ್... ಅಯ್ಯೋ, ತಮ್ಮ ಮಾತು ಮೀರ್ತೀನಾ ಸಾರ್... ಸ್ವಲ್ಪ ಟೈಮ್ ಕೊಡಿ ಸಾರ್...”

ಅವನ ಕಣ್ಣು ಗೋಡೆಯ ಕ್ಯಾಲೆಂಡರಿನ ಈಶ್ವರನ ಮೇಲೆ ನೆಟ್ಟಿತ್ತು. ನಾಲಿಗೆ ಬೆಣ್ಣೆಯಲ್ಲಿ ಜಾರುತ್ತಿತ್ತು. ಕೈಗಳು ಮಾತ್ರ ತಮ್ಮ ಪಾಡಿಗೆ ಉಳಿದೆರಡು ಹಾಳೆಗಳನ್ನು ಮಡಿಸಿ, ಎರಡು ಕವರಿಗೆ ತೂರಿಸಿ, ಗೋಂದು ಸವರಿ, ಒಂದರ ಮೇಲೆ ‘ಶ್ರೀ ಮುನಿವೆಂಕಟಪ್ಪನವರಿಗೆ’, ಇನ್ನೊಂದರ ಮೇಲೆ ‘ಶ್ರೀಮತಿ ಬಸವರಾಜೇಶ್ವರಿಯವರಿಗೆ’ ಎಂದು ಬರೆದು ಮುಗಿಸಿದವು.

ಫೋನಿಟ್ಟ ಮೇಲೆ ಅಮರೇಶ ಪೇಪರ್‌ವೇಟಿನ ಕೆಳಗಿದ್ದ ಹಾಳೆಯನ್ನು ಅರವತ್ತನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದ. ಎದೆ ಹಗುರಾಯಿತು. ಶಿಳ್ಳೆ ಹಾಕುತ್ತ ಸ್ನಾನಕ್ಕೆ ಹೋದ.

ಎರಡನೇ ಚೊಂಬಿನ ನೀರು ತಲೆಯ ಮೇಲೆ ಬಿದ್ದಾಗ ಅವನಿಗೆ ಲೆಕ್ಕ ನೆನಪಾಯಿತು. ಹರಿದದ್ದು ಒಂದು. ಕುಟ್ಟಿದ್ದು ಮೂರು.

ಟವಲಿನಲ್ಲೇ ಹೊರಗೆ ಬಂದ. ಮೇಜು ಖಾಲಿ.

“ನೀಲಾ! ಇಲ್ಲಿದ್ದ ಕವರ್ ಎಲ್ಲಿ?”

“ಕೊಟ್ ಬಂದ್ನಲ್ರೀ,” ಎಂದಳು ನೀಲಾಂಬಿಕಾ ರೊಟ್ಟಿ ತಟ್ಟುತ್ತ. “ನೀವ ಹೆಸ್ರು ಬರದು ಇಟ್ಟಿದ್ರಿ. ಒಂದು ಎದುರುಮನಿ ಬಸವರಾಜೇಶ್ವರಿ ಅಕ್ಕಾಗ, ಒಂದು ಮಾಲೀಕರಿಗೆ. ಅವ್ರು ಸ್ಕೂಟರ್ ಹತ್ತಾಕ ಹೊಂಟಿದ್ರು, ಕಿಸೇದಾಗ ಇಟ್ಕೊಂಡು ಹ್ವಾದ್ರು. ಏನು, ಅಗ್ರಿಮೆಂಟಿನ ಸಲುವಾಗಿ ಬರದೀರೇನು? ಚೊಲೋ ಆತು ಬಿಡ್ರಿ.”

ಅಮರೇಶ ಕೈಗೆ ಸಿಕ್ಕ ಅಂಗಿ ಪ್ಯಾಂಟು ತೊಟ್ಟು ಎದುರುಮನೆಗೆ ಹಾರಿದ.

ಮಹಿಳಾ ಸಂಘದ ಅಧ್ಯಕ್ಷರಾದ ಬಸವರಾಜೇಶ್ವರಿ ಹಾವೇರಿ ಕಡೆಯವರು. ಆ ಬೀದಿಯಲ್ಲಿ ಮಹಾನಗರಪಾಲಿಕೆಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತಿತ್ತು. ಒಲೆಯ ಮುಂದೆ ಒಗ್ಗರಣೆಗೆ ಎಣ್ಣೆ ಸಾಸಿವೆ ಇಟ್ಟು, ಕವರನ್ನು ಬೆಳಕಿಗೆ ಹಿಡಿದು, ಎಲ್ಲಿಂದ ಒಡೆಯಲಿ ಎಂದು ಯೋಚಿಸುತ್ತಿದ್ದರು.

“ಅಕ್ಕಾರ, ಆ ಕವರ್ ವಾಪಸ್ ಕೊಡ್ರಿ. ಅದ್ರಾಗ ಟೈಪಿಂಗ್ ತಪ್ಪಾಗೇತಿ.”

“ನಿಮ್ಮ ಟೈಪಿಂಗ್‌ನ್ಯಾಗ ತಪ್ಪಾ?” ಅವರ ಕಣ್ಣು ಅರಳಿತು. “ಇಪ್ಪತ್ತು ವರ್ಷದಾಗ ಇಲ್ಲದ್ದು? ಹಂಗಾರ ನೋಡಬೇಕಾತಲ್ಲ!”

ಅವರು ಕವರಿನ ಅಂಚಿಗೆ ಉಗುರು ಹಾಕಿದರು. ಅಮರೇಶನಿಗೆ ಬೇರೆ ದಾರಿ ಹೊಳೆಯಲಿಲ್ಲ. ಕವರು ಕಿತ್ತುಕೊಂಡವನೇ ಬಾಣಲೆಯನ್ನು ಪಕ್ಕಕ್ಕೆ ಸರಿಸಿ, ಹೋಮಕ್ಕೆ ಸಮಿತ್ತು ಹಾಕುವವನಂತೆ ಗ್ಯಾಸ್ ಒಲೆಯ ಉರಿಗೆ ಒಡ್ಡಿಬಿಟ್ಟ. ಕವರು ಭಗ್ಗೆಂದಿತು. ಸಾಸಿವೆ ಚಟಪಟ ಎಂದಿತು. ಅಧ್ಯಕ್ಷರು ಎರಡೂ ಅಂದರು.

“ಅಯ್ಯ ನಿನ್ನ! ನನ್ನ ಹೆಸರಿನ ಕಾಗದ ನನ್ನ ಒಲಿಗೇ ಹಾಕಿದ್ಯಾ? ಇದ್ರಾಗ ಏನೋ ಐತಿ. ಮಾಲೀಕರಿಗೂ ಒಂದು ಕೊಟ್ಟೀರಂತಲ್ಲ, ತಡೀ, ಈಗ ಫೋನ್ ಹಚ್ತೀನಿ!”

ಅಮರೇಶ ಮೆಟ್ಟಿಲಿಳಿಯುವಷ್ಟರಲ್ಲಿ ಫೋನು ಹತ್ತಿಯಾಗಿತ್ತು. ಮಾಲೀಕರ ದನಿ ಅವರ ಫೋನಿನಿಂದ ಬೀದಿಯವರೆಗೆ ಕೇಳಿಸಿತು: “ನಾನಿಲ್ಲಿ ಗಿರಿರಾಜನ ಕಟಿಂಗ್ ಶಾಪಲ್ಲಿವ್ನಿ ಕಣಮ್ಮಾ. ಓದೋಣಾ ಅಂದ್ರೆ ಬೆಳಿಗ್ಗೆ ಕನ್ನಡಕದ ಮೇಲೆ ನಾನೇ ಕೂತ್ಕೊಂಡ್ಬುಟ್ಟೆ!”

ಅಮರೇಶ ಮನಸ್ಸಿನಲ್ಲೇ ಆ ಕೂತ ಭಾಗಕ್ಕೆ ನಮಸ್ಕಾರ ಮಾಡಿ ಓಡಿದ.

ಗಿರಿರಾಜನ ಅಂಗಡಿಯಲ್ಲಿ ಎರಡು ಕುರ್ಚಿ, ಎರಡರಲ್ಲೂ ಕತ್ತಿನವರೆಗೆ ಬಟ್ಟೆ ಹೊದ್ದು, ಮುಖದ ತುಂಬ ನೊರೆ ಬಳಿದುಕೊಂಡ ಇಬ್ಬರು. ಗೋಡೆಯ ಮೊಳೆಗಳಿಗೆ ಎರಡು ಬಿಳಿ ಷರಟು. ಎರಡರ ಕಿಸೆಯಲ್ಲೂ ಒಂದೊಂದು ಕವರು ಇಣುಕುತ್ತಿತ್ತು. ಅಮರೇಶ ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬಂದು, ಹತ್ತಿರದ ಷರಟಿಗೆ ಕೈ ಹಾಕಿ ಕವರು ಎಳೆದ. ಕ್ಷೌರದಂಗಡಿಯಲ್ಲಿ ಎದುರಿಗೂ ಹಿಂದೆಯೂ ಕನ್ನಡಿ ಇರುತ್ತದೆಂಬುದನ್ನು ಅವನು ಮರೆತಿದ್ದ. ಅವನ ಕಳ್ಳತನ ಅಂಗಡಿಯ ಆ ತುದಿಯಿಂದ ಈ ತುದಿಯವರೆಗೆ ಮೂವತ್ತು ಪ್ರತಿಗಳಲ್ಲಿ ನಡೆಯಿತು.

“ಯಾವನೋ ಅವ್ನು, ನನ್ ಷರ್ಟಿಗೆ ಕೈ ಹಾಕ್ದೋನು!” ದಪ್ಪಗಿನ ನೊರೆ ಮುಖವೊಂದು ಬಟ್ಟೆ ಸಮೇತ ಎದ್ದಿತು. “ನನ್ ಮಗಳ ಜಾತಕ ಕದೀತಾವ್ನೆ!”

“ಹೆಣ್ ನೋಡೋ ಹೊಸಾ ಸ್ಟೈಲಾ ಗುರು?” ಗಿರಿರಾಜ ಕತ್ತಿ ಹಿಡಿದೇ ಬಾಗಿಲಿಗೆ ಅಡ್ಡ ನಿಂತ. “ನೋಡಕ್ ಡೀಸೆಂಟ್ ಇದೀಯ. ಯಾವ್ ಟೈಪು ನೀನು?”

“ಕನ್ನಡ ಟೈಪು, ಸೀನಿಯರ್ ಗ್ರೇಡು,” ಎಂದುಬಿಟ್ಟ ಅಮರೇಶ ಗಾಬರಿಯಲ್ಲಿ.

ಇನ್ನೊಂದು ನೊರೆ ಮುಖ ಗ್ರೈಂಡರಿನಂತೆ ಗರಗರ ನಕ್ಕಿತು. “ಬಿಡ್ರಪ್ಪಾ, ನಮ್ ಟೆನೆಂಟು ಕಣ್ರೋ ಅವ್ರು! ಏನ್ರೀ ಅಮ್ರೇಶು, ಕಾಗದ ಕೊಟ್ಬುಟ್ಟು ಹಿಂದೇನೇ ಬಂದ್ಬುಟ್ರಲ್ಲ. ಬಸ್ರಾಜೇಶ್ವರಮ್ಮ ಬೇರೆ, ತಕ್ಷಣ ಓದಿ, ತಕ್ಷಣ ಓದಿ ಅಂತಾ ಬಡ್ಕೋತಾವ್ಳೆ.”

“ಕೊಡಿ ಯಜಮಾನ್ರೇ, ನಾನ್ ಓದ್ ಹೇಳ್ತೀನಿ,” ಎಂದ ಗಿರಿರಾಜ.

“ಬೇಡ! ಕೈಯಲ್ಲಿ ಸೋಪಿದೆ!” ಅಮರೇಶ ಕಿರುಚಿದ.

“ಅದೂ ಸರೀನೇ,” ಎಂದರು ಮುನಿವೆಂಕಟಪ್ಪ. “ಮನೆ ವಿಚಾರ, ಕಟಿಂಗ್ ಶಾಪಲ್ಲಿ ಓದಿಸ್ಬಾರ್ದು. ಧನ್ಯಶ್ರೀ ಓದ್ತಾಳೆ, ಮನೆಯೋರೆಲ್ಲಾ ಕೇಳ್ಸ್ಕೊಳ್ಳಿ. ನೀವೂ ಬನ್ರೀ, ಅಗ್ರಿಮೆಂಟ್ ಅಲ್ಲೇ ಮುಗಿಸ್ಬುಡೋಣ.”

ಹೀಗೆ ಅಮರೇಶ ಸ್ಕೂಟರಿನ ಹಿಂದಿನ ಸೀಟು ಏರಿದ. ಅವನಿಗೂ ಸರ್ವನಾಶಕ್ಕೂ ನಡುವೆ ಈಗ ಉಳಿದಿದ್ದದ್ದು ಒಂದು ಷರಟಿನ ಕಿಸೆ, ಅದೂ ಮುಂದೆ, ಎದೆಯ ಬದಿಗೆ. ಬಸವೇಶ್ವರನಗರ ಬರುವಷ್ಟರಲ್ಲಿ ಮುನಿವೆಂಕಟಪ್ಪ ಎಂದಿನಂತೆ ಮುತ್ತಾತನ ಹೊಲದಲ್ಲಿದ್ದರು.

“ಈ ರೋಡೈತಲ್ಲ, ಇದೆಲ್ಲಾ ರಾಗಿ ಕಣ್ರೀ ಆಗ. ನಮ್ ಮುತ್ತಾತ ಇಲ್ಲೇ ನಿಂತ್ಕೊಂಡು...”

ಮೊದಲ ಹಂಪು ಬಂತು. ಅಮರೇಶ ಎರಡೂ ಕೈಯಿಂದ ಮಾಲೀಕರನ್ನು ತಬ್ಬಿ ಬಲಗೈ ಬೆರಳುಗಳನ್ನು ಕಿಸೆಯ ಕಡೆ ಬಿಟ್ಟ. ಎರಡನೇ ಹಂಪಿಗೆ ಕವರಿನ ಮೂಲೆ ಸಿಕ್ಕಿತು. ಮೂರನೇ ಹಂಪಿಗೆ ಮೂಲೆ ಬಿಟ್ಟುಹೋಗಿ ಬೆರಳು ಮುನಿವೆಂಕಟಪ್ಪನವರ ಕಂಕುಳಿಗೆ ಹೋಯಿತು. ಅವರು ಕಿಲಕಿಲನೆ ನಕ್ಕು ಸ್ಕೂಟರನ್ನು ಒಂದು ಎಳನೀರು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿಸಿದರು.

“ಏನ್ರೀ ಇದು! ಸಾಕ್ ಬಿಡ್ರೀ, ಜನ ನೋಡ್ತಾರೆ!”

ಸಿಗ್ನಲ್ಲಿನಲ್ಲಿ ಪಕ್ಕದಲ್ಲಿ ನಿಂತ ಇಬ್ಬರು ಡೆಲಿವರಿ ಹುಡುಗರಲ್ಲೊಬ್ಬ, “ಮಗಾ ನೋಡೋ, ಅಂಕಲ್‌ಗಳ ಲವ್ವು,” ಎಂದ.

ಅಮರೇಶ ಮಾನ ಬಿಟ್ಟು ಇನ್ನೊಮ್ಮೆ ತಬ್ಬಿದ. ಕವರು ಅರ್ಧ ಮೇಲೆ ಬಂದಿತ್ತು. ಅಷ್ಟರಲ್ಲಿ ಮುನಿವೆಂಕಟಪ್ಪನವರ ಕೈ ಅದರ ಮೇಲೆ ಬಿತ್ತು.

“ಓಹೋಹೋ! ಕಾಗದ ಹಾರೋಯ್ತದೆ ಅಂತಾ ಹಿಡ್ಕೊಂಡಿದ್ರಾ? ಎಂಥಾ ಒಳ್ಳೇ ಮನುಷ್ಯ ರೀ ನೀವು!” ಎಂದು ಅವರು ಕವರನ್ನು ತೆಗೆದು ಬನಿಯನ್ನಿನ ಒಳಗೆ, ಎದೆಗೂದಲಿನ ಕಾಡಿನಲ್ಲಿ, ಯಾರ ಕೈಗೂ ಎಟುಕದ ಜಾಗದಲ್ಲಿ ಭದ್ರಪಡಿಸಿದರು. ದಾರಿಯುದ್ದಕ್ಕೂ ಮುತ್ತಾತ ರಾಗಿ ಬಿತ್ತಿ, ಕೊಯ್ದು, ಒಕ್ಕಿದ. ಅಮರೇಶ ನೂರಾ ಐದನೇ ಬಾರಿ “ಹೌದಾ ಸಾರ್” ಎಂದ.

ನಂದಿನಿ ಲೇಔಟಿನ ಮನೆಯಲ್ಲಿ ಊಟಕ್ಕೆ ಎಲೆ ಹಾಕಿತ್ತು. ಮಗಳು, ಅಳಿಯ, ನೆಂಟರು ಸೇರಿ ಒಂಬತ್ತು ಜನ. ಎಲೆಗಳ ಮೇಲೆ ಬಿಸಿ ಮುದ್ದೆ ಉರುಳಿತು. ಅಮರೇಶನಿಗೆ ಸಾವಿನ ಭಯದ ನಡುವೆಯೂ ಅಭ್ಯಾಸಬಲದಿಂದ ಆಕಳಿಕೆ ಬಂತು. ಬಾಯಿಗೆ ಕೈ ಅಡ್ಡ ಹಿಡಿದ.

“ಧನ್ಯಾ, ಓದಮ್ಮಾ ಇದನ್ನ. ಜೋರಾಗಿ ಓದು,” ಎಂದರು ಮುನಿವೆಂಕಟಪ್ಪ, ಬನಿಯನ್ನಿನೊಳಗಿಂದ ಬೆಚ್ಚನೆಯ ಕವರು ತೆಗೆದು.

ಲಾ ಓದುವ ಧನ್ಯಶ್ರೀ ಕವರು ಒಡೆದು ಹಾಳೆ ಬಿಡಿಸಿದಳು. ನೋಡಿದಳು. ಹುಬ್ಬು ಮೇಲೇರಿತು. ಹಾಳೆ ತಿರುಗಿಸಿ ಹಿಂದೆ ನೋಡಿದಳು. ಇನ್ನೊಂದು ಹುಬ್ಬೂ ಮೇಲೇರಿತು. ಅಮರೇಶನ ಮುಖವನ್ನೇ ದಿಟ್ಟಿಸಿ, “ಅಂಕಲ್, ಏನಿದು?” ಎಂದಳು.

ಅಮರೇಶನ ಕಟ್ಟೆ ಒಡೆಯಿತು. ಮುನಿವೆಂಕಟಪ್ಪನವರ ಮುಂದೆ ದಡಕ್ಕನೆ ಮಂಡಿಯೂರಿದ.

“ತಪ್ಪಾಯ್ತು ಸಾರ್! ಸಿಟ್ಟಲ್ಲಿ ಬರ್ದಿದ್ದು! ನಿಮ್ಮ ಧ್ವನಿ ಗ್ರೈಂಡರಲ್ಲಿ ಚಮಚ ಬಿದ್ದಂಗಿದೆ ಅಂತ ನಾನು ಮನಸಾರೆ ಬರೀಲಿಲ್ಲ ಸಾರ್!”

ಮುನಿವೆಂಕಟಪ್ಪನವರ ಕೈಯಲ್ಲಿದ್ದ ತುತ್ತು ಸಾರಿನಲ್ಲಿ ಮುಳುಗಿ ನಿಂತಿತು.

ಧನ್ಯಶ್ರೀ ಹಾಳೆಯನ್ನು ತನ್ನ ಎದೆಗೆ ಒತ್ತಿ ಹಿಡಿದು, “ಹೂಂ... ಆಮೇಲೆ?” ಎಂದಳು. ಅವಳಿಗೆ ಮುಂದೆ ಒಳ್ಳೆಯ ಪ್ರಾಕ್ಟೀಸು ಇದೆಯೆಂಬುದು ಆಗಲೇ ಗೊತ್ತಾಗುತ್ತಿತ್ತು.

“ಆಮೇಲಿಂದು ಮೀಸೆ ವಿಚಾರ. ಬೂಟ್ ತಿಕ್ಕೋ ಬ್ರಷ್ಷು ಅಂತ ಯಾಕ್ ಬರೆದ್ನೋ ನಂಗೇ ಗೊತ್ತಿಲ್ಲ. ಎಂಥಾ ಮೀಸೆ ಅದು!”

“ಇನ್ನೂ ಇದೆಯಲ್ಲ ಅಂಕಲ್?”

“ಮುತ್ತಾತನ ರಾಗಿ ಹೊಲ... ನೂರಾ ನಾಲ್ಕು ಸಲ ಅಂದಿದ್ದು ಜಾಸ್ತಿ ಆಯ್ತು. ನೂರಿರಬಹುದು. ಮುದ್ದೆ ಕಂಡ್ರೆ ಆಕಳಿಕೆ ಬರುತ್ತೆ ಅನ್ನೋದು ಮಾತ್ರ...” ಆಗಲೇ ಇನ್ನೊಂದು ಆಕಳಿಕೆ ಬಂದು ಅದಕ್ಕೆ ಸಾಕ್ಷಿ ನುಡಿಯಿತು. “ಗೂಬೆ ಅಂದಿದ್ದನ್ನೂ, ಹಾಳಾಗಿ ಹೋಗಿ ಅಂದಿದ್ದನ್ನೂ ವಾಪಸ್ ತಗೋತೀನಿ ಸಾರ್. ಅದು ವಿನಂತಿ ಅಷ್ಟೇ, ಆದೇಶ ಅಲ್ಲ!”

“ಅಷ್ಟೇನಾ?” ಎಂದಳು ಧನ್ಯಶ್ರೀ.

“ಅಷ್ಟೇನಮ್ಮಾ. ನೀನೇ ಓದಿದೆಯಲ್ಲ.”

ಧನ್ಯಶ್ರೀ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಮೇಲಿನಿಂದ ಕೆಳಗಿನವರೆಗೆ ಅಪ್ಪಟ ಬಿಳಿ. ಕೊಟ್ಟಕೊನೆಗೆ ಅಮರೇಶನ ಸಹಿ, ಅದರ ಪಕ್ಕ ದುಂಡನೆಯ ನೀಲಿ ಮೊಹರು.

ಅಮರೇಶ ಹಾಳೆಯನ್ನು ಕೈಗೆ ತೆಗೆದುಕೊಂಡ. ಹಿಂದೆ ಮುಂದೆ ತಿರುಗಿಸಿದ. ಇಪ್ಪತ್ತೆರಡು ವರ್ಷದ ಕಸುಬುದಾರನಿಗೆ ಸತ್ಯ ಹೊಳೆಯಲು ಎರಡು ಸೆಕೆಂಡು ಸಾಕಾಯಿತು. ಸಿಟ್ಟಿನಲ್ಲಿ ಕಾರ್ಬನ್ನುಗಳನ್ನು ಉಲ್ಟಾ ಹಾಕಿದ್ದ. ಮಸಿ ಕೆಳಗಿನ ಹಾಳೆಗೆ ಇಳಿಯುವ ಬದಲು ಮೇಲಿನ ಹಾಳೆಯ ಬೆನ್ನಿಗೆ ಹತ್ತಿತ್ತು. ಬೈಗುಳವೆಲ್ಲ ಅವನೇ ಹರಿದ ಮೊದಲ ಹಾಳೆಯಲ್ಲೂ, ಅವನೇ ಸುಟ್ಟ ಎರಡನೇ ಹಾಳೆಯ ಬೆನ್ನಲ್ಲೂ ಇತ್ತು. ಮೂರನೆಯದು ತೊಳೆದಿಟ್ಟಷ್ಟು ಚೊಕ್ಕ. ಅವನಿಗೆ ಮೊದಲು ಬಂದದ್ದು ಭಯವಲ್ಲ, ನಾಚಿಕೆ. ಜೂನಿಯರ್ ಗ್ರೇಡಿನ ಮೊದಲ ದಿನ ಕಲಿಸುವ ಪಾಠ ಅದು: ಹೊಳೆಯುವ ಮುಖ ಕೆಳಗೆ.

ಮುನಿವೆಂಕಟಪ್ಪನವರು ಕೈ ತೊಳೆದು ಬಂದು ಕೂತರು. ಬೂಟಿನ ಬ್ರಷ್ಷನ್ನು ಎರಡೂ ಕಡೆ ಸವರಿಕೊಂಡರು.

“ಅಮ್ರೇಶು, ಎಂಟು ಜನ ಟೆನೆಂಟ್ ನೋಡಿವ್ನಿ. ಖಾಲಿ ಹಾಳೆಗೆ ಸಹಿ ಹಾಕಿ, ಏನ್ ಬೇಕಾದ್ರೂ ಬರ್ಕೊಳ್ಳಿ ಯಜಮಾನ್ರೇ ಅಂತಾ ಕೊಟ್ಟೋನು ಒಬ್ಬನೂ ಇಲ್ಲ. ನೀವು ಬಾಯಿ ಮುಚ್ಕೊಂಡಿದ್ದಿದ್ರೆ ಹನ್ನೊಂದ್ ತಿಂಗ್ಳಲ್ಲ, ಐದ್ ವರ್ಷಕ್ಕೆ ಬರೆಸ್ತಿದ್ದೆ. ಮಿಷನ್ನೂ ಇರ್ಲಿ ಅಂತಿದ್ದೆ.”

“ಸಾರ್...”

“ಇರಿ. ಈಗ್ಲೂ ಸಹಿ ನಿಮ್ದೇ, ಹಾಳೆ ಖಾಲೀನೇ. ಏನ್ ಧನ್ಯಾ, ನಾವ್ ಏನ್ ಬೇಕಾದ್ರೂ ತುಂಬ್ಕೋಬೋದಾ?”

“ಕೋರ್ಟಲ್ಲಿ ನಡಿಯುತ್ತೋ ಇಲ್ವೋ ತಾತಾ,” ಎಂದಳು ಧನ್ಯಶ್ರೀ, “ಇವರ ಹತ್ರ ನಡಿಯುತ್ತೆ.”

ಸಂಜೆ ಆರಕ್ಕೆ ಹೊಸಹಳ್ಳಿಯ ಮನೆಯಿಂದ ಕಬ್ಬಿಣದ ಸವತಿ ಮಹಡಿಯೇರಿತು. ಒಂದು ಬದಿ ಅಮರೇಶ ಹಿಡಿದಿದ್ದ, ಇನ್ನೊಂದು ಬದಿ ನೀಲಾಂಬಿಕಾ. ಮನೆ ಉಳಿದ ಖುಷಿಯಲ್ಲಿ ಅವಳು ಮೊದಲ ಬಾರಿಗೆ ಅದನ್ನು ಪ್ರೀತಿಯಿಂದ ಮುಟ್ಟಿದಳು. ಎದುರುಮನೆ ಕಿಟಕಿಯಿಂದ ಬಸವರಾಜೇಶ್ವರಿ ನೋಡುತ್ತಿದ್ದರು.

ಸಹಿಯ ಮೇಲಿನ ಖಾಲಿ ಜಾಗಕ್ಕೆ ಷರತ್ತುಗಳನ್ನು ಕುಟ್ಟಿದವನು ಅಮರೇಶನೇ. ಮನೆ ಅವನದೇ, ಮಿಷನ್ನೂ ಅವನದೇ. ಆದರೆ ಪ್ರತಿದಿನ ಸಂಜೆ ಆರರಿಂದ ಎಂಟರವರೆಗೆ ಅವನು ಮೇಲೆ ಬಂದು ಮುನಿವೆಂಕಟಪ್ಪನವರ ವಂಶದ ಚರಿತ್ರೆಯನ್ನು, ಅವರು ಹೇಳಿದಂತೆ, ಟೈಪು ಮಾಡತಕ್ಕದ್ದು. ಚರಿತ್ರೆ ಮುಗಿಯುವವರೆಗೆ ಈ ಕರಾರು ಜಾರಿಯಲ್ಲಿರತಕ್ಕದ್ದು.

ಮುನಿವೆಂಕಟಪ್ಪನವರು ಕಾಲು ಚಾಚಿ ಕುರ್ಚಿಗೆ ಒರಗಿದರು. “ಇದ್ರಲ್ಲಿ ಅಳ್ಸೋಕಾಗಲ್ಲ, ಅಲ್ವಾ?”

“ಆಗಲ್ಲ ಸಾರ್. ತಪ್ಪಾದ್ರೆ ಪುಟಾನೇ ಮತ್ತೆ ಕುಟ್ಟಬೇಕು.”

“ಒಳ್ಳೇದು. ನಂಗೆ ನಿಧಾನಕ್ಕೆ ನೆನಪಾಗೋ ಅಭ್ಯಾಸ.”

ಅಮರೇಶ ಹಾಳೆಗಳನ್ನು ಜೋಡಿಸಿದ. ಒಂದೊಂದು ಕಾರ್ಬನ್ನನ್ನೂ ದೀಪಕ್ಕೆ ಹಿಡಿದು, ಬೆರಳಿನಿಂದ ಸವರಿ, ಹೊಳೆಯುವ ಮುಖ ಕೆಳಗಿರುವುದನ್ನು ಎರಡೆರಡು ಸಲ ನೋಡಿ ರೋಲರಿಗೆ ಕೊಟ್ಟ. ಗ್ರೈಂಡರು ಶುರುವಾಯಿತು. ರಾಗಿ ಹೊಲ ಉತ್ತರು, ಬಿತ್ತಿದರು. ಅಮರೇಶ ಆಕಳಿಸುತ್ತ ಕುಟ್ಟಿದ. ಮೊದಲ ಪುಟದ ಕೊನೆಯ ಸಾಲಿನ ಗಂಟೆ ಟಣ್ ಎಂದಾಗ ಮುನಿವೆಂಕಟಪ್ಪ ಕೈ ಎತ್ತಿದರು.

“ಒಂದ್ ನಿಮಿಷ ಅಮ್ರೇಶು. ಮುತ್ತಾತನಿಂದ ಬೇಡ. ಹೊಲ ತಗೊಂಡಿದ್ದು ಮುತ್ತಾತನ ಅಪ್ಪ ಅಲ್ವಾ? ಅಲ್ಲಿಂದಾನೇ ಬರೋಣ. ಹೊಸಾ ಹಾಳೆ ಹಾಕಿ.”